ಕೂಸಿನ ಕ್ರೋಶೆ ದುಪ್ಪಟಿ ಸೊಟ್ಟಗಾಗಿದೆಯೇ? ಬಿಚ್ಚುವ ಮುಂಚೆ ಇಷ್ಟು ನೋಡಿ

ಜಾಲರಿಯಾಗಿ ಹೆಣೆದ ದುಪ್ಪಟಿಯಲ್ಲಿ ತಪ್ಪು ಕಾಣಿಸುವ ಜಾಗ ಒಂದು, ತಪ್ಪು ಆಗಿರುವ ಜಾಗ ಇನ್ನೊಂದು. 30ನೇ ಸಾಲಿನಲ್ಲಿ ಅಂಚು ಒಳಗೆ ಹೋದಂತೆ ಕಂಡರೆ, ಕೆಟ್ಟಿರುವುದು 12ರಲ್ಲೋ 15ರಲ್ಲೋ ಇರುತ್ತದೆ. ಇದು ಗೊತ್ತಿಲ್ಲದೆ ಜನ ಮೇಲಿನ ಎರಡು ಸಾಲು ಬಿಚ್ಚುತ್ತಾರೆ. ಮತ್ತೆ ಹೆಣೆಯುತ್ತಾರೆ. ಮತ್ತೆ ಅದೇ ಸೊಟ್ಟ. ಆಮೇಲೆ ಸಿಟ್ಟು ಬಂದು ಪೂರ್ತಿ ಬಿಚ್ಚಿ ಉಂಡೆ ಸುತ್ತಿ ಇಟ್ಟುಬಿಡುತ್ತಾರೆ. ಮತ್ತೆ ಶುರು ಮಾಡುವಷ್ಟರಲ್ಲಿ ಕೂಸು ಅಂಬೆಗಾಲು ಇಡುತ್ತಿರುತ್ತದೆ.

ನಮ್ಮ ಬಳ್ಳಾರಿ, ಕೊಪ್ಪಳ ಕಡೆ ಕ್ರೋಶೆ ಕಡ್ಡಿ ಹಿಡಿದವರಲ್ಲಿ ಸೀರೆ ಕುಚ್ಚಿನಿಂದ ಬಂದವರು ಬಹಳ. ರೇಷ್ಮೆ ದಾರ, 2 ಮಿಲಿಮೀಟರಿಗಿಂತ ಸಣ್ಣ ಉಕ್ಕಿನ ಕಡ್ಡಿ, ಬಿಗಿ ಕೈ. ಕುಚ್ಚಿಗೆ ಆ ಬಿಗಿ ಬೇಕು, ಇಲ್ಲದಿದ್ದರೆ ಮಣಿ ಜೋತು ಬೀಳುತ್ತದೆ. ಅದೇ ಕೈ ದುಪ್ಪಟಿಗೆ ಬಂದರೆ ಕೆಲವು ತೊಂದರೆ ತಾನಾಗಿ ಬರುತ್ತವೆ. ಕುಚ್ಚು ಬಂದವರಿಗೆ ಹೆಣಿಗೆ ಕಲಿಸಬೇಕಿಲ್ಲ. ಏನು ಕೆಟ್ಟಿದೆ ಅಂತ ಹುಡುಕುವುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮಾತು ಸ್ಪಷ್ಟ ಇರಲಿ ಅಂತ ಒಂದೇ ಮಾದರಿ ಹಿಡಿಯೋಣ: ವೀ ಹೆಣಿಗೆ. ಒಂದು ಕಂಬ, ಒಂದು ಚೈನು (ಕುಣಿಕೆಯೊಳಗಿಂದ ದಾರ ಎಳೆದು ಮಾಡುವ ಒಂದು ಕೊಂಡಿ), ಇನ್ನೊಂದು ಕಂಬ. ಎರಡೂ ಕಂಬ ಒಂದೇ ಕಿಂಡಿಯಲ್ಲಿ. ಈ ಬರಹದಲ್ಲಿ ಕಂಬ ಅಂದರೆ ಕಡ್ಡಿಗೆ ಒಂದು ಸುತ್ತು ದಾರ ಹಾಕಿ, ಕಿಂಡಿಯಲ್ಲಿ ತೂರಿಸಿ ಕುಣಿಕೆ ಎಳೆದು, ಎರಡು ಕುಣಿಕೆಯಂತೆ ಎರಡು ಸಲ ದಾಟಿಸುವುದು. ಅಮೆರಿಕದವರ ವಿಡಿಯೊಗಳಲ್ಲಿ ಇದು ಡಬಲ್ ಕ್ರೋಶೆ. ಬ್ರಿಟಿಷ್ ಪುಸ್ತಕಗಳಲ್ಲಿ ಟ್ರೆಬಲ್. ಬ್ರಿಟಿಷ್ ಪುಸ್ತಕದ ಡಬಲ್ ಕ್ರೋಶೆ ಬೇರೆ, ಅದು ಅಮೆರಿಕದವರ ಗಿಡ್ಡನೆಯ ಸಿಂಗಲ್. ದುಪ್ಪಟಿ ಅಗಲ ಸರಿ ಇದ್ದು ಎತ್ತರವೇ ಬರುತ್ತಿಲ್ಲ, ಜಾಲರಿ ಬದಲು ದಪ್ಪ ಚಾಪೆಯಂತಾಗುತ್ತಿದೆ ಅಂದರೆ ಮೊದಲು ನೋಡಬೇಕಾದದ್ದು ನಿಮ್ಮ ಮಾದರಿ ಯಾವ ದೇಶದ್ದು ಅಂತ.

124 ಚೈನು ಹಾಕಿ. ಕಡ್ಡಿಯಿಂದ 5ನೇ ಚೈನಿನಲ್ಲಿ ಮೊದಲ ವೀ. ಆಮೇಲೆ ಎರಡು ಚೈನು ಬಿಟ್ಟು ಮೂರನೆಯದರಲ್ಲಿ ಒಂದೊಂದು ವೀ. ಕೊನೆಗೆ ಒಂದು ಚೈನು ಬಿಟ್ಟು, ಕಟ್ಟಕಡೆಯದರಲ್ಲಿ ಒಂಟಿ ಕಂಬ. ಒಟ್ಟು 40 ವೀ ಬರುತ್ತವೆ. ಬೇರೆ ಅಗಲ ಬೇಕಾದರೆ ನಿಮಗೆ ಬೇಕಾದಷ್ಟು ವೀಗಳನ್ನು 3ರಿಂದ ಗುಣಿಸಿ 4 ಕೂಡಿಸಿ. ತಿರುಗಿದಾಗ 3 ಚೈನು, ಅದೇ ಹೊಸ ಸಾಲಿನ ಮೊದಲ ಕಂಬ. ಪ್ರತಿ ವೀ ಹೊಟ್ಟೆಯಲ್ಲಿ, ಅಂದರೆ ಅದರ ಎರಡು ಕಂಬಗಳ ನಡುವಿನ ಕಿಂಡಿಯಲ್ಲಿ, ಒಂದು ವೀ, ಕೊನೆಯಲ್ಲಿ ಹಿಂದಿನ ಸಾಲಿನ ತಿರುವು ಚೈನಿನ ತಲೆಯ ಮೇಲೆ ಒಂಟಿ ಕಂಬ. ಬೇಬಿ ನೂಲು, 4 ಮಿಲಿಮೀಟರ್ ಕಡ್ಡಿ ಆದರೆ 75 ಸೆಂಟಿಮೀಟರ್ ಆಸುಪಾಸು ಅಗಲ ಬರುತ್ತದೆ. ನೂಲಿನ ದಪ್ಪ, ಕೈ ಹದ ನೋಡಿಕೊಂಡು ಸ್ವಲ್ಪ ಹೆಚ್ಚುಕಮ್ಮಿ.

ನೆಲದ ಮೇಲೆ ಹಾಸಿ, ಅಳೆಯಿರಿ, ಎಣಿಸಿ

ತೊಡೆಯ ಮೇಲೆ ಇಟ್ಟುಕೊಂಡು ನೋಡಿದರೆ ಏನೂ ತಿಳಿಯುವುದಿಲ್ಲ. ನೆಲ ಒರೆಸಿ, ಒಂದು ಚಾದರ ಹಾಸಿ, ಅದರ ಮೇಲೆ ದುಪ್ಪಟಿ ಬಿಡಿಸಿ. ಎಳೆಯಬೇಡಿ, ತಟ್ಟಬೇಡಿ. ಹತ್ತು ನಿಮಿಷ ಸುಮ್ನೆ ಬಿಡಿ, ನೂಲು ತಾನಾಗಿ ಕೂರುತ್ತದೆ. ಆಮೇಲೆ ಟೇಪು ತಂದು ಮೂರು ಕಡೆ ಅಗಲ ಅಳೆಯಿರಿ: ತಳ, ನಡು, ಮೇಲು. ಅದೇ ಮೂರು ಕಡೆ ವೀ ಎಣಿಸಿ, ಅಂಚಿನ ಒಂಟಿ ಕಂಬಗಳನ್ನೂ ಎಣಿಸಿ. 40 ವೀ ಅಂದರೆ 80 ಕಂಬ, ಎರಡು ಅಂಚಿನವು ಸೇರಿ 82. ಈ 82 ಮುಖ್ಯ. ವೀ ಮಾತ್ರ ಎಣಿಸುವವರು ಅಂಚಿನ ತಪ್ಪನ್ನು ಹಿಡಿಯಲಾರರು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಣಿಕೆ ಬೇರೆ ಬೇರೆ ಬಂತು ಅಂದರೆ ಹೆಣಿಗೆಯಲ್ಲಿ ತಪ್ಪಿದೆ. ಎಣಿಕೆ ಒಂದೇ, ಅಗಲ ಬೇರೆ ಅಂದರೆ ಹೆಣಿಗೆ ಸರಿ ಇದೆ, ಕೈ ಹದ ತಪ್ಪಿದೆ. ಎರಡೂ ಒಂದೇ, ಆದರೂ ಕಣ್ಣಿಗೆ ಸೊಟ್ಟ ಅಂದರೆ ಇನ್ನೂ ನೆನೆಸಿ ಹಾಸಿಲ್ಲ ಅಷ್ಟೇ. ಹತ್ತಿಗಾದರೆ ಒಮ್ಮೆ ನೀರು ಕಂಡರೆ ಅರ್ಧ ಸರಿಹೋಗುತ್ತದೆ. ಈ ಮೂರರಲ್ಲಿ ನಿಮ್ಮದು ಯಾವುದು ಅಂತ ತಿಳಿಯುವ ತನಕ ಒಂದು ಕುಣಿಕೆಯನ್ನೂ ಬಿಚ್ಚಬೇಡಿ.

ಕೊಪ್ಪಳದ ಹುಡುಗಿಯೊಬ್ಬಳು ತಂಗಿಯ ಕೂಸಿಗೆ ಅಂತ ಹೆಣೆಯುತ್ತಿದ್ದಳು.

"ಅಕ್ಕಾ, ಬಲಗಡೆ ಒಳಗ ಹೋಗಾಕತ್ತೇತ್ರಿ. ಬಿಚ್ಚಿ ಬಿಚ್ಚಿ ಸಾಕಾತು."

"ಎಣಿಸಿದೇನವ್ವ?"

"ಇಲ್ರಿ. ಕಣ್ಣಿಗೆ ಸರಿನೇ ಕಾಣಸ್ತಾವಲ್ರಿ."

ಎಣಿಸಿದರೆ ಮೇಲೆ 38 ವೀ. ಕಣ್ಣಿಗೆ 38ಕ್ಕೂ 40ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಟೇಪಿಗೆ ಗೊತ್ತಾಗುತ್ತದೆ. ಎರಡು ವೀ ಅಂದರೆ ಹತ್ತಿರ ಹತ್ತಿರ 4 ಸೆಂಟಿಮೀಟರ್.

ತಪ್ಪಿದ ಸಾಲನ್ನು ಹುಡುಕಲು ಮೇಲಿನಿಂದ ಒಂದೊಂದೇ ಎಣಿಸುತ್ತಾ ಬರಬೇಕಿಲ್ಲ. 32 ಸಾಲು ಆಗಿದ್ದರೆ ನೇರ 16ನೇ ಸಾಲಿಗೆ ಹೋಗಿ. ಅಲ್ಲಿ 82 ಇದ್ದರೆ ತಪ್ಪು ಅದರ ಮೇಲಿದೆ, 24ಕ್ಕೆ ಹೋಗಿ. ಅಲ್ಲಿ ಕಮ್ಮಿ ಇದ್ದರೆ 20. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಐದು ಎಣಿಕೆಯಲ್ಲಿ ಸಾಲು ಸಿಕ್ಕಿಬಿಡುತ್ತದೆ. ಸಿಕ್ಕಿದ ಸಾಲಿಗೆ ಒಂದು ಸೇಫ್ಟಿ ಪಿನ್ನು ಹಾಕಿ. ಇನ್ನು ಮುಂದೆ ಪ್ರತಿ 10 ಸಾಲಿಗೊಂದು ಪಿನ್ನು ಹಾಕುತ್ತಾ ಹೋದರೆ ಈ ಹುಡುಕಾಟವೂ ತಪ್ಪುತ್ತದೆ. ಎರಡು ಕಡೆ ತಪ್ಪಿರಬಹುದು ಅನ್ನುವುದು ನೆನಪಿರಲಿ. ಒಂದು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ.

ಅಂಚು ಒಳಗೆ ಹೋಗುತ್ತಿದೆ

ದೂರುಗಳಲ್ಲಿ ದೊಡ್ಡದು ಇದೇ. ಇದಕ್ಕೆ ಕಾರಣ ಒಂದೇ ಜಾಗದಲ್ಲಿ ಹುಟ್ಟುತ್ತದೆ, ತಿರುವು ಚೈನಿನ ತಲೆಯಲ್ಲಿ. ಮೂರು ಚೈನು ಹಾಕಿ ತಿರುಗುತ್ತೇವೆ ಅಲ್ವಾ, ಆ ಮೂರನೇ ಚೈನು ಸಾಲು ಮುಗಿಯುವ ಹೊತ್ತಿಗೆ ಹಿಂದಕ್ಕೆ ಹೊರಳಿ ಅಡಗಿಕೊಂಡಿರುತ್ತದೆ. ಎದುರಿನಿಂದ ನೋಡಿದರೆ ಅಲ್ಲಿ ಕಂಬ ಹಾಕುವ ಜಾಗವೇ ಇಲ್ಲ ಅನ್ನಿಸುತ್ತದೆ. ಕೊನೆಯ ವೀ ಹಾಕಿ, ಮುಗಿಯಿತು ಅಂತ ತಿರುಗಿಬಿಡುತ್ತಾರೆ.

ಆ ಸಾಲಿನಲ್ಲಿ ವೀ ಎಣಿಸಿದರೆ 40 ಸರಿಯಾಗಿಯೇ ಇರುತ್ತವೆ! ಕಮ್ಮಿಯಾಗಿರುವುದು ಅಂಚಿನ ಒಂಟಿ ಕಂಬ ಮಾತ್ರ. 82ರ ಬದಲು 81. ಅಂಚು ಒಂದು ಚೂರು ಒಳಗೆ ಬಂದಿರುತ್ತದೆ, ಯಾರಿಗೂ ಕಾಣುವುದಿಲ್ಲ. ಕೆಡುವುದು ಆಮೇಲೆ. ಒಂಟಿ ಕಂಬ ಇಲ್ಲದ ಅಂಚಿಗೆ ಮತ್ತೆ ಬಂದಾಗ ಕಣ್ಣು ಕೊನೆಯ ವೀಯ ಒಂದು ಕಾಲನ್ನೇ ಅಂಚಿನ ಕಂಬ ಅಂತ ತಿಳಿದುಕೊಳ್ಳುತ್ತದೆ. ಅದರ ತಲೆಗೆ ಒಂಟಿ ಕಂಬ ಹಾಕಿ ತಿರುಗುತ್ತೀರಿ. ಈಗ ಒಂದು ವೀ ಪೂರ್ತಿ ಹೋಯಿತು. ಅಂದರೆ ವೀ ಕಮ್ಮಿಯಾದ ಸಾಲು ಸಿಕ್ಕರೂ ತಪ್ಪು ಅಲ್ಲಿಲ್ಲ, ಅದಕ್ಕಿಂತ ಕೆಳಗಿದೆ. ಒಂದೆರಡು ಸಾಲು ಇರಬಹುದು, ಎಂಟು ಹತ್ತೂ ಇರಬಹುದು. ಅಂಚಿನುದ್ದಕ್ಕೂ ಬೆರಳಾಡಿಸುತ್ತಾ ಕೆಳಗೆ ಇಳಿಯಿರಿ. ಒಂಟಿ ಕಂಬ ಇರುವಲ್ಲಿ ಅಂಚು ನೇರ ಸಿಗುತ್ತದೆ, ಇಲ್ಲದಲ್ಲಿ ಒಂದು ಕಚ್ಚು ಸಿಗುತ್ತದೆ. ಬಿಚ್ಚಬೇಕಾದದ್ದು ಆ ಕಚ್ಚಿನ ತನಕ.

ಯಾವ ಕಡೆ ಒಳಗೆ ಹೋಗಿದೆ ಅನ್ನುವುದೂ ಏನೋ ಹೇಳುತ್ತದೆ. ಎರಡೂ ಕಡೆ ಒಂದೇ ಸಮ ಕಿರಿದಾಗಿದ್ದರೆ ತಿರುವು ಚೈನಿನ ತಲೆ ಪ್ರತಿ ಸಾಲೂ ತಪ್ಪುತ್ತಿದೆ, ಅದು ಅಭ್ಯಾಸದ ತಪ್ಪು. ಒಂದೇ ಕಡೆ ಆಗಿದ್ದರೆ ಒಂದೇ ಸಲ ತಪ್ಪಿದ್ದು, ಆಮೇಲೆ ಅದರ ಮೇಲೆ ಕಟ್ಟುತ್ತಾ ಬಂದದ್ದು. ಮೊದಲನೆಯದಕ್ಕೆ ಮದ್ದು ಸುಲಭ. ಮೂರನೇ ಚೈನು ಹಾಕಿದ ಕೂಡಲೇ ಅದರೊಳಗೆ ಬೇರೆ ಬಣ್ಣದ ದಾರದ ಚೂರೋ ಪಿನ್ನೋ ಹಾಕಿಬಿಡಿ. ಮುಂದಿನ ಸಾಲಿನ ಕೊನೆಗೆ ಬಂದಾಗ ಆ ಪಿನ್ನು ತೆಗೆದು ಅಲ್ಲೇ ಕಂಬ ಹಾಕಿ, ಹೊಸ ತಿರುವಿಗೆ ಅದೇ ಪಿನ್ನು ಹಾಕಿ. ಎರಡು ಅಂಚಿಗೆ ಎರಡು ಪಿನ್ನು ಸಾಕು. ಕೈಗೆ ರೂಢಿ ಆದ ಮೇಲೂ ಕೂಸಿನ ದುಪ್ಪಟಿಗೆ ಪಿನ್ನು ಬಿಡಬೇಡಿ ಅನ್ನುತ್ತೇನೆ, ಯಾಕೆಂದರೆ ಈ ಕೆಲಸ ನಡೆಯುವುದು ಟಿವಿ ಮುಂದೆ, ಮಾತಿನ ನಡುವೆ. ಮುಗಿದ ಮೇಲೆ ಮಾತ್ರ ಹಾಕಿದ ಪಿನ್ನುಗಳನ್ನೆಲ್ಲ ಎಣಿಸಿ ತೆಗೆಯಿರಿ.

ಅಂಚಿನಲ್ಲಿ ತೂತು ತೂತಾಗಿ ಕಂಡರೆ ಅದು ಬೇರೆ ವಿಷಯ. ತಿರುವು ಚೈನು ನಿಜವಾದ ಕಂಬಕ್ಕಿಂತ ತೆಳು. ಸಡಿಲ ಕೈಯವರಿಗೆ ಮೂರು ಚೈನು ಕಂಬಕ್ಕಿಂತ ಉದ್ದವೂ ಆಗಿ ಹೊರಗೆ ಬಾಗುತ್ತದೆ. ಮೂರರ ಬದಲು ಎರಡೇ ಚೈನು ಹಾಕಿ ನೋಡಿ. ಬಹಳ ಜನರಿಗೆ ಅಷ್ಟರಲ್ಲೇ ಸರಿಹೋಗುತ್ತದೆ.

ಒಂದು ವೀ ಕಮ್ಮಿಯಾಗಿ ಇಪ್ಪತ್ತು ಸಾಲು ಮುಂದೆ ಬಂದುಬಿಟ್ಟಿದ್ದರೆ ಬಿಚ್ಚಬೇಕೇ? ಅಂಚಿನಲ್ಲಿ ಹೋಗಿದ್ದರೆ ಬಿಡಿ. ಮುಂದಿನ ಸಾಲಿನಲ್ಲಿ ಆ ಅಂಚಿಗೆ ಒಂದು ವೀ ಜಾಸ್ತಿ ಹಾಕಿ ಸರಿಮಾಡಿಕೊಳ್ಳಿ. ಸುತ್ತ ಬಾರ್ಡರ್ ಬಂದ ಮೇಲೆ ಯಾರೂ ಕಂಡುಹಿಡಿಯುವುದಿಲ್ಲ. ನಡುವೆ ಹೋಗಿದ್ದರೆ ಬಿಚ್ಚಿ. ವೀಗಳು ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಒಂದರ ಮೇಲೊಂದು ಏರುತ್ತವೆ. ನಡುವೆ ಒಂದು ನಿಂತುಹೋದರೆ ಅಲ್ಲಿ ದೊಡ್ಡ ಕಿಂಡಿ ಬೀಳುತ್ತದೆ, ಎಷ್ಟು ತೊಳೆದು ಹಾಸಿದರೂ ಮುಚ್ಚುವುದಿಲ್ಲ.

ಅಗಲ ಹೆಚ್ಚುತ್ತಿದೆ

ತಿರುವಿನ ಮೂರು ಚೈನು ಹಾಕಿದ ಬುಡದಲ್ಲೇ ಇನ್ನೊಂದು ಕಂಬ ಹಾಕುತ್ತಿದ್ದೀರಾ ನೋಡಿ. ಆ ಚೈನೇ ಮೊದಲ ಕಂಬ, ಅಲ್ಲಿ ಮತ್ತೊಂದು ಬೇಕಿಲ್ಲ. ಹಾಗೆ ಹಾಕಿದರೆ ಸಾಲಿಗೊಂದು ಕಂಬ ಏರುತ್ತದೆ: 83, 84, 85.

ಇನ್ನೊಂದು ತಪ್ಪು ಸ್ವಲ್ಪ ಮೋಸಗಾರ. ವೀಯನ್ನು ವೀ ಹೊಟ್ಟೆಯಲ್ಲಿ ಹಾಕುವ ಬದಲು ಎರಡು ವೀಗಳ ನಡುವಿನ ಸಂದಿಯಲ್ಲಿ ಹಾಕುವುದು. ಸಂಜೆ ಬೆಳಕಿನಲ್ಲಿ, ಗಾಢ ಬಣ್ಣದ ನೂಲಿನಲ್ಲಿ ಇದು ಸುಲಭವಾಗಿ ಆಗುತ್ತದೆ. 40 ವೀಗಳ ನಡುವೆ 39 ಸಂದಿ ಇರುತ್ತವೆ. ಅಂಚಿನ ಒಂಟಿ ಕಂಬದ ಪಕ್ಕದ ಸಂದಿಗಳನ್ನೂ ಸೇರಿಸಿದರೆ 41. ನಿಮ್ಮ ಎಣಿಕೆ 39 ಅಥವಾ 41ಕ್ಕೆ ಒಮ್ಮೆಲೇ ಜಿಗಿದು ಅಲ್ಲೇ ನಿಂತಿದ್ದರೆ ಇದೇ ಕಾರಣ. ವೀಗಳ ಗೆರೆ ಆ ಸಾಲಿನಲ್ಲಿ ಪಕ್ಕಕ್ಕೆ ಸರಿದಿರುವುದು ಬೆಳಕಿಗೆ ಹಿಡಿದರೆ ಎದ್ದು ಕಾಣುತ್ತದೆ. ಗೆರೆ ಸರಿದಿದೆ, ಎಣಿಕೆಯೂ ಬದಲಾಗಿದೆ ಅಂದರೆ ಅಲ್ಲಿ ತನಕ ಬಿಚ್ಚುವುದೇ ಸರಿ.

ಎಣಿಕೆ ಸರಿ ಇದೆ, ಆಕಾರ ಸರಿ ಇಲ್ಲ

ತಳ ಕಿರಿದು, ಮೇಲೆ ಹೋಗುತ್ತಾ ಅಗಲ, ಲಂಗದ ಲಾಡಿ ಎಳೆದ ಹಾಗೆ. ಎಲ್ಲ ಸಾಲಿನಲ್ಲೂ 82 ಇದೆ. ಇದು ಕುಚ್ಚಿನ ಕೈಯವರ ತೊಂದರೆ, ಮೊದಲ ಚೈನು ಬಿಗಿಯಾಗಿದೆ. ತಳ 68 ಸೆಂಟಿಮೀಟರ್, ಹತ್ತನೇ ಸಾಲು 75 ಬಂದರೆ ಅನುಮಾನವೇ ಬೇಡ. ಚೈನು ಹಾಕುವಾಗ ಮಾತ್ರ ಕಡ್ಡಿ ದೊಡ್ಡದು ಮಾಡಿ. 4 ಮಿಲಿಮೀಟರಿನಲ್ಲಿ ಹೆಣೆಯುವವರು ಚೈನಿಗೆ 4.5 ಅಥವಾ 5 ಹಿಡಿಯಿರಿ, ಮೊದಲ ಸಾಲಿಗೆ 4ಕ್ಕೆ ಬನ್ನಿ. "ಸಡಿಲ ಬಿಡ್ತೀನಿ" ಅಂತ ಮನಸ್ಸಿನಲ್ಲಿ ಅಂದುಕೊಂಡರೆ ಆಗುವುದಿಲ್ಲ. ಹತ್ತು ಚೈನು ಸಡಿಲ ಬಂದು, ಹನ್ನೊಂದಕ್ಕೆ ಕೈ ಹಳೇ ಚಾಳಿಗೆ ಹೋಗುತ್ತದೆ. ಕಡ್ಡಿ ಬದಲಿಸುವುದೇ ಖಾತ್ರಿ ದಾರಿ.

ಆಗಲೇ ಅರ್ಧ ಹೆಣೆದಾಗಿದ್ದರೆ? ವ್ಯತ್ಯಾಸ ಎರಡು ಸೆಂಟಿಮೀಟರ್ ಒಳಗಿದ್ದು ನೂಲು ಹತ್ತಿ ಆಗಿದ್ದರೆ ಮುಂದುವರಿಸಿ. ನೆನೆಸಿ ಪಿನ್ನು ಚುಚ್ಚಿ ಹಾಸಿದಾಗ ಎಳೆದುಕೊಳ್ಳಬಹುದು, ಬಾರ್ಡರಿನಲ್ಲೂ ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಈಗಲೇ ಬಿಚ್ಚುವುದು ಮೇಲು. ತಳದ ಚೈನನ್ನು ಕತ್ತರಿಸಿ ತೆಗೆಯಬಹುದು ಅನ್ನುವವರಿದ್ದಾರೆ. ಜಾಲರಿ ಹೆಣಿಗೆಯಲ್ಲಿ ನಾನಂತೂ ಕತ್ತರಿ ಹಿಡಿಯುವುದಿಲ್ಲ.

ತಳ, ಮೇಲು ಸರಿ ಇದ್ದು ನಡುವೆ ಸೊಂಟ ಬಂದಿದ್ದರೆ ಕೈ ಹದ ದಿನದಿಂದ ದಿನಕ್ಕೆ ಬದಲಾಗಿದೆ. ನಮ್ಮ ಕಡೆ ಇದಕ್ಕೆ ಸೆಕೆಯದೂ ಪಾಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಬೆವರಿದ ಬೆರಳಿಗೆ ನೂಲು ಅಂಟುತ್ತದೆ, ಪ್ಲಾಸ್ಟಿಕ್ ಕಡ್ಡಿಯ ಮೇಲೂ ಜಾರುವುದಿಲ್ಲ. ಎಳೆದು ಎಳೆದು ಹೆಣೆಯುತ್ತೀರಿ, ಸಾಲು ಬಿಗಿಯಾಗುತ್ತದೆ. ಮಧ್ಯಾಹ್ನದ ಸಾಲು, ಬೆಳಗಿನ ಸಾಲು ಅಕ್ಕಪಕ್ಕ ಅಳೆದರೆ ವ್ಯತ್ಯಾಸ ಸಿಗುತ್ತದೆ. ನಯವಾದ ಅಲ್ಯೂಮಿನಿಯಂ ಕಡ್ಡಿ ಹಿಡಿಯಿರಿ, ಕೈ ಒರೆಸಲು ಒಂದು ಬಟ್ಟೆ ಪಕ್ಕದಲ್ಲಿರಲಿ, ಆಗುವುದಾದರೆ ಬೆಳಗಿನ ಹೊತ್ತು ಹೆಣೆಯಿರಿ.

ಸಾಲಿನ ಎತ್ತರ ಏರುಪೇರಾಗಿದ್ದರೆ ಕಾರಣ ಬೆವರಲ್ಲ, ಮೊದಲ ಕುಣಿಕೆ. ಕಂಬದ ಎತ್ತರ ನಿರ್ಧಾರವಾಗುವುದು ಕಿಂಡಿಯಿಂದ ದಾರ ಎಳೆದುಕೊಳ್ಳುವ ಆ ಮೊದಲ ಎಳೆತದಲ್ಲಿ. ಅದನ್ನು ಒಮ್ಮೆ ಎತ್ತರಕ್ಕೆ ಎತ್ತಿ, ಒಮ್ಮೆ ಕಡ್ಡಿಗೆ ಒತ್ತಿ ಹಿಡಿದರೆ ಕಂಬಗಳು ಉದ್ದ ಗಿಡ್ಡ ಬರುತ್ತವೆ. ಪ್ರತಿ ಸಲ ಒಂದೇ ಎತ್ತರಕ್ಕೆ ಎತ್ತಿ, ಆಮೇಲೆ ಎರಡೆರಡಾಗಿ ದಾಟಿಸಿ. ಇದನ್ನು ದುಪ್ಪಟಿಯ ಮೇಲೆ ಕಲಿಯಬೇಡಿ. ಬೇರೆ ನೂಲಿನಲ್ಲಿ 10 ಸೆಂಟಿಮೀಟರ್ ಚೌಕ ಹೆಣೆದು ಕಲಿಯಿರಿ.

ನೂಲು ಯಾವುದು ಅಂತಲೇ ಗೊತ್ತಿಲ್ಲದಿದ್ದರೆ

ಬಳ್ಳಾರಿಯ ಬೆಂಗಳೂರು ರಸ್ತೆಯ ಅಂಗಡಿಗಳಲ್ಲಾಗಲಿ, ರಾಯಚೂರಿನ ತೀನ್ ಕಂದೀಲ್ ಕಡೆಯಾಗಲಿ, ಲೇಬಲ್ ಇಲ್ಲದ ಬಿಡಿ ಉಂಡೆ ಕೊಂಡರೆ "ಉಲ್ಲನ್" ಅಂತಲೇ ಕೊಡುತ್ತಾರೆ. ಅದು ಉಣ್ಣೆಯೋ ಅಕ್ರಿಲಿಕ್ಕೋ ಹೆಣೆದ ಮೇಲೆ ತಿಳಿದರೆ ಏನು ಉಪಯೋಗ? ಹತ್ತಿ ಬೆಳೆಯುವ ರಾಯಚೂರಿನಲ್ಲಿದ್ದುಕೊಂಡೂ ಕೂಸಿಗೆ ಅಕ್ರಿಲಿಕ್ ಹೊದಿಸುವುದು ಒಂದು ತಮಾಷೆಯೇ ಸರಿ. ಇರಲಿ.

ಬೆರಳುದ್ದದ ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ. ಕೂದಲು ಸುಟ್ಟ ವಾಸನೆ, ಉರಿ ತೆಗೆದ ಕೂಡಲೇ ಆರಿ, ಬೆರಳಲ್ಲಿ ಪುಡಿಯಾಗುವ ಕರಿ ಉಳಿದರೆ ಉಣ್ಣೆ. ಕರಗಿ ಗಟ್ಟಿ ಕಪ್ಪು ಮಣಿ ಆದರೆ ಅಕ್ರಿಲಿಕ್ ಅಥವಾ ಅಂಥದೇ ಬೇರೆ ಸಿಂಥೆಟಿಕ್. ಆ ಮಣಿಯನ್ನು ಬಿಸಿ ಇದ್ದಾಗ ಮುಟ್ಟಬೇಡಿ. ಮುಂದೆ ತೊಳೆಯುವುದು, ಹಬೆ ಹಿಡಿಯುವುದು ಎಲ್ಲ ಇದರ ಮೇಲೇ ನಿಂತಿದೆ.

ನಮ್ಮ ಹವೆಗೆ ನನ್ನ ಓಟು ಹತ್ತಿಗೆ. ಕೊಪ್ಪಳದ ಗವಿಮಠದ ಜಾತ್ರೆ ಬರುವ ಜನವರಿಯ ನಾಲ್ಕು ದಿನ ಬಿಟ್ಟರೆ ಇಲ್ಲಿ ಕೂಸಿಗೆ ದಪ್ಪ ಹೊದಿಕೆ ಬೇಡ. ಚಳಿ ಬಿದ್ದರೆ ಅಜ್ಜಿಯ ಕೌದಿ ಇದ್ದೇ ಇದೆ. ರೋಮ ಎದ್ದಿರುವ ಮೊಹೇರ್ ತರಹದ ನೂಲನ್ನಂತೂ ತರಲೇಬೇಡಿ, ಕೂಸಿನ ಬಾಯಿ ಮೂಗಿಗೆ ಹೋಗುತ್ತದೆ.

ನೂಲು ಸೀಳುತ್ತಿದ್ದರೆ, ಅಂದರೆ ಕಡ್ಡಿ ನಾಲ್ಕು ಎಳೆಯಲ್ಲಿ ಮೂರನ್ನೇ ಹಿಡಿಯುತ್ತಿದ್ದರೆ, ನೂಲಿನ ಮೇಲೆ ಸಿಟ್ಟಾಗುವ ಮುಂಚೆ ಕಡ್ಡಿಯ ಮೂತಿ ನೋಡಿ. ಕುಚ್ಚಿನ ಕಡ್ಡಿಯ ಮೂತಿ ಚೂಪು. ಸಡಿಲ ಹುರಿಯ ನೂಲಿಗೆ ಮೊಂಡು ಮೂತಿ ಬೇಕು. ಸೀಳಿದ ಕಂಬವನ್ನು ಹಾಗೇ ಬಿಡಬೇಡಿ, ಅಲ್ಲಿ ಹೊರಗೆ ಉಳಿದ ಎಳೆ ಮುಂದೆ ಕೂಸಿನ ಬೆರಳಿಗೆ ಸಿಗುತ್ತದೆ.

ಬಣ್ಣದಲ್ಲಿ ಪಟ್ಟೆ ಕಂಡರೆ ಉಂಡೆಗಳ ಲಾಟ್ ನಂಬರ್ ಬೇರೆ ಇದೆ. ಒಂದೇ ಬಣ್ಣ, ಬೇರೆ ಕಡಾಯಿ. ಬೇಕಾದಷ್ಟು ಉಂಡೆ ಒಮ್ಮೆಲೇ ಕೊಳ್ಳಿ. ಸಿಗದಿದ್ದರೆ ಹಳೇ ಉಂಡೆ ಇನ್ನೂ ಉಳಿದಿರುವಾಗಲೇ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಮಾಡುತ್ತಾ ಬೆರೆಸಿ.

ನಡುವೆ ತೂತು, ಬಿಚ್ಚಿಕೊಂಡ ಗಂಟು

ಜಾಲರಿಯಲ್ಲಿ ತೂತು ಇರುವುದೇ ಅಲ್ವಾ ಅನ್ನಬೇಡಿ. ಅಕ್ಕಪಕ್ಕದ ಕಿಂಡಿಗಿಂತ ದೊಡ್ಡದು ಒಂದು ಕಂಡರೆ ಮೊದಲು ಅಲ್ಲಿ ಕುಣಿಕೆ ಬಾಯಿ ತೆರೆದಿದೆಯಾ ನೋಡಿ. ತೆರೆದಿದ್ದರೆ ಕೂಡಲೇ ಪಿನ್ನು ಚುಚ್ಚಿ ನಿಲ್ಲಿಸಿ. ಆಮೇಲೆ ಅದೇ ನೂಲು, ದಪ್ಪ ಸೂಜಿ ತೆಗೆದುಕೊಂಡು ಹೋದ ಕಂಬದ ದಾರಿಯನ್ನೇ ಹಿಡಿದು ತೂರಿಸಿ.

ಇದಕ್ಕೆ ಕಾರಣ ಬಹುತೇಕ ಗಂಟು. ಉಂಡೆಯ ಒಳಗೆ ಕಾರ್ಖಾನೆಯಲ್ಲೇ ಹಾಕಿದ ಗಂಟು ಬರುವುದುಂಟು. ಅದನ್ನು ನಂಬಿ ಹೆಣೆಯಬೇಡಿ. ಕತ್ತರಿಸಿ, ಎರಡೂ ಕಡೆ 15 ಸೆಂಟಿಮೀಟರ್ ಬಾಲ ಬಿಟ್ಟು ಹೊಸದಾಗಿ ಸೇರಿಸಿ. ಬಾಲವನ್ನು ಸೂಜಿಯಲ್ಲಿ ಒಂದು ದಿಕ್ಕಿಗೆ, ತಿರುಗಿ ಇನ್ನೊಂದು ದಿಕ್ಕಿಗೆ, ಮತ್ತೆ ಮೊದಲಿನ ದಿಕ್ಕಿಗೆ ಓಡಿಸಿ. ಒಂದೇ ದಿಕ್ಕಿಗೆ ಓಡಿಸಿದ್ದು ನಾಲ್ಕು ಸಲ ತೊಳೆದರೆ ಹೊರಗೆ ಬರುತ್ತದೆ. ಕೂಸಿನ ವಸ್ತುವಿನಲ್ಲಿ ಇದು ಅಂದಚೆಂದದ ಮಾತಲ್ಲ. ಸಡಿಲ ದಾರ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ, ಕೂಸು ಯಾಕೆ ಅಳುತ್ತಿದೆ ಅಂತ ಮನೆಯವರಿಗೆ ತಿಳಿಯುವುದೂ ಇಲ್ಲ.

ಕಿಂಡಿಯ ಅಳತೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಕಿರುಬೆರಳು ಸಲೀಸಾಗಿ ತೂರಿ ಹೋದರೆ ಆ ಜಾಲರಿ ಕೂಸಿಗೆ ದೊಡ್ಡದಾಯಿತು. ಕಡ್ಡಿಯನ್ನು ಅರ್ಧ ಮಿಲಿಮೀಟರ್ ಇಳಿಸಿ, ಅಥವಾ ವೀ ನಡುವಿನ ಚೈನನ್ನು ಬಿಟ್ಟು ಬರೀ ಎರಡು ಕಂಬ ಹಾಕಿ. ಇನ್ನೊಂದು ಮಾತು, ಅಮೆರಿಕದ ಮಕ್ಕಳ ವೈದ್ಯರ ಸಂಘ ಮೊದಲ ಒಂದು ವರ್ಷ ಮಲಗಿದ ಕೂಸಿನ ಬಳಿ ಸಡಿಲ ಹೊದಿಕೆ ಬೇಡ ಅನ್ನುತ್ತದೆ. ನೀವು ಎಷ್ಟೇ ಚೆಂದ ಹೆಣೆದರೂ ಇದು ಎತ್ತಿಕೊಳ್ಳುವಾಗ, ತೊಟ್ಟಿಲು ಹಾಕುವ ದಿನ, ಕಣ್ಣೆದುರು ಆಡುವಾಗ ಹೊದಿಸುವುದಕ್ಕೆ. ರಾತ್ರಿ ತೊಟ್ಟಿಲಿನಲ್ಲಿ ಬಿಟ್ಟು ಬರುವುದಕ್ಕಲ್ಲ.

ಬಾರ್ಡರ್ ಹಾಕಿದ ಮೇಲೆ ಕೆಟ್ಟರೆ

ದುಪ್ಪಟಿ ಬಟ್ಟಲಿನಂತೆ ಒಳಗೆ ಮಗುಚಿಕೊಂಡರೆ ಬಾರ್ಡರಿನಲ್ಲಿ ಕಮ್ಮಿ ಹಾಕಿದ್ದೀರಿ. ಅಲೆ ಅಲೆಯಾಗಿ ಎದ್ದರೆ ಜಾಸ್ತಿ. ಕಂಬದ ಒಂದು ಸಾಲಿನ ಪಕ್ಕದ ಅಂಚಿಗೆ 2 ಸಿಂಗಲ್, ಮೇಲೆ ಕೆಳಗೆ ಒಂದು ವೀ ಅಗಲಕ್ಕೆ 3, ಮೂಲೆಯ ಒಂದೇ ಕಿಂಡಿಗೆ 3. ಇದು ಶುರು ಮಾಡಲು ಲೆಕ್ಕ. ಒಂದು ಬದಿ ಮುಗಿದ ಕೂಡಲೇ ನೆಲಕ್ಕೆ ಹಾಸಿ ನೋಡಿ, ನಾಲ್ಕೂ ಬದಿ ಮುಗಿಯುವ ತನಕ ಕಾಯಬೇಡಿ. ಮೂಲೆ ಮಾತ್ರ ಮಡಚುತ್ತಿದ್ದರೆ ಅಲ್ಲಿ ಮೂರು ಬೀಳಲಿಲ್ಲ ಅಂತ ಅರ್ಥ.

ತೊಳೆದ ಮೇಲೆ ಕೆಟ್ಟರೆ

ಅಕ್ರಿಲಿಕ್ ದುಪ್ಪಟಿಗೆ ಇಸ್ತ್ರಿ ಒತ್ತಿದರೆ ನೂಲು ಸತ್ತುಹೋಗುತ್ತದೆ. ಪುಟಿಯುವ ಗುಣ ಹೋಗಿ, ಜೋತು, ಮಿರಮಿರ ಹೊಳೆಯುತ್ತದೆ. ಇದನ್ನು ಸರಿಮಾಡುವ ದಾರಿಯೇ ಇಲ್ಲ, ಯಾರು ಏನೇ ಹೇಳಲಿ. ಹಬೆ ಬೇಕಾದರೆ ಇಸ್ತ್ರಿಪೆಟ್ಟಿಗೆಯನ್ನು ಒಂದೆರಡು ಅಂಗುಲ ಮೇಲೆಯೇ ಹಿಡಿಯಿರಿ, ಮುಟ್ಟಿಸಬೇಡಿ. ಉಣ್ಣೆಗೆ ಬಿಸಿನೀರು, ತಿಕ್ಕಾಟ ಎರಡೂ ಬೇಡ, ಕುಗ್ಗಿ ಕಂಬಳಿಯಾಗುತ್ತದೆ.

ಹತ್ತಿಯದು ಉದ್ದ ಎಳೆದುಕೊಂಡಿದ್ದರೆ ಹಗ್ಗದ ಮೇಲೆ ನೇತುಹಾಕಿದ್ದೀರಿ. ಒದ್ದೆ ಹತ್ತಿ ತನ್ನ ಭಾರಕ್ಕೇ ಇಳಿಯುತ್ತದೆ. ಮತ್ತೆ ನೆನೆಸಿ, ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಮಂಚದ ಮೇಲೆ ಹಳೇ ಚಾದರ ಹಾಸಿ, ಅಳತೆಗೆ ಸರಿಯಾಗಿ ಎಳೆದು ಬಿಡಿಸಿ ಒಣಗಿಸಿ. ನೆರಳಿನಲ್ಲಿ, ಅಂಗಳದಲ್ಲಲ್ಲ. ನಮ್ಮ ಬಿಸಿಲಿಗೆ ಬಣ್ಣ ನಿಲ್ಲುವುದಿಲ್ಲ. ಸಂಡೂರು ಕಡೆಯವರಿಗಂತೂ ಅದಿರಿನ ಕೆಂಪು ಧೂಳು ಬೇರೆ, ಬಿಳಿ ದುಪ್ಪಟಿ ಹೊರಗೆ ಹಾಕಿದರೆ ಸಂಜೆಗೆ ಬಿಳಿ ಇರುವುದಿಲ್ಲ.

ಒಣಗಿದ ಮೇಲೆ ಬಡಿಗೆಯಂತೆ ಗಡಸಾಗಿದ್ದರೆ ಹೆಣಿಗೆಯದಲ್ಲ ತಪ್ಪು, ನೀರಿನದು. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಕರಗದೆ ಜಿಡ್ಡಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಬಾರ್ ಸೋಪು ಬಿಟ್ಟು ದ್ರವ ಡಿಟರ್ಜೆಂಟ್ ಬಳಸಿ, ಅದೂ ಸ್ವಲ್ಪವೇ. ಕೊನೆಯ ಎರಡು ಜಾಲಾಡಿಕೆಗೆ ನಲ್ಲಿಯಲ್ಲಿ ಬರುವ ಹೊಳೆ ನೀರು ಹಿಡಿದಿಟ್ಟುಕೊಳ್ಳಿ. ಹೊಸ ದುಪ್ಪಟಿ ತೊಳೆಯದೆಯೇ ಗಡಸಾಗಿದ್ದರೆ ಮಾತ್ರ ಕಡ್ಡಿ ಸಣ್ಣದಾಗಿದೆ, ನೂಲಿಗೆ ಉಸಿರಾಡಲು ಜಾಗ ಇಲ್ಲ. ಅದನ್ನು ತೊಳೆದು ಸರಿಮಾಡಲು ಆಗುವುದಿಲ್ಲ. ಉಡುಗೊರೆ ಕೊಡುವವರು ಉಂಡೆಯ ಲೇಬಲನ್ನೋ, ಲೇಬಲ್ ಇಲ್ಲದಿದ್ದರೆ "ಹತ್ತಿ, ತಣ್ಣೀರು, ನೇತುಹಾಕಬೇಡಿ" ಅಂತ ಬರೆದ ಚೀಟಿಯನ್ನೋ ಜೊತೆಗೆ ಇಡಿ. ತೊಳೆಯುವುದು ನೀವಲ್ಲ, ಬಾಣಂತಿಯ ಮನೆಯವರು.